ಮೆರವಣಿಗೆಯಿಂದ ಇಳಿದ ಹವಾಲ್ದಾರ

ಮುಂಬಯಿಯ ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ಆ ಭಾನುವಾರದಷ್ಟು ಗಡಿಬಿಡಿಯನ್ನು ನಾನು ಬೇರೆ ಯಾವ ದಿನವೂ ಕಂಡಿಲ್ಲ. ಬೆಳಿಗ್ಗೆ ಏಳಕ್ಕೆಲ್ಲ ಹೆಂಗಸರು ರೇಷ್ಮೆ ಸೀರೆ ಉಟ್ಟು ಕೆಳಗಿಳಿದಿದ್ದರು. ಗಂಡಸರು ಗೇಟಿಗೆ ಚೆಂಡುಹೂವಿನ ಸರ ಕಟ್ಟುತ್ತ, ಸರಿಯಾಗಿಲ್ಲವೆಂದು ಬಿಚ್ಚುತ್ತ, ಮತ್ತೆ ಕಟ್ಟುತ್ತ ಓಡಾಡುತ್ತಿದ್ದರು. ಆರತಿ ತಟ್ಟೆ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನನಗೋ, ನನ್ನದೇ ಮದುವೆಯ ದಿನ ಬಡಿದುಕೊಳ್ಳದಷ್ಟು ಎದೆ ಬಡಿದುಕೊಳ್ಳುತ್ತಿತ್ತು.

ಎದುರುಮನೆಯಾಕೆಯ ತಮ್ಮ ಸೈನ್ಯದಲ್ಲಿ ಹವಾಲ್ದಾರನಾಗಿದ್ದು, ನಿವೃತ್ತನಾಗಿ ಬರುವವನಿದ್ದ. ಅವರದು ಉಡುಪಿ ಕಡೆಯ ಮನೆತನ. ಅವರ ತಂದೆ ಮಾಟುಂಗಾದ ಹೋಟೆಲೊಂದರಲ್ಲಿ ಅಡುಗೆಗಿದ್ದರಂತೆ. ಅಕ್ಕ ತಮ್ಮ ಇಬ್ಬರೂ ಇದೇ ಬಿಲ್ಡಿಂಗಿನಲ್ಲಿ ಆಡಿ ಬೆಳೆದವರು. ನಾನು ಧಾರವಾಡದಿಂದ ಮದುವೆಯಾಗಿ ಇಲ್ಲಿಗೆ ಬರುವ ಹೊತ್ತಿಗೆ ಆತ ಸೈನ್ಯ ಸೇರಿ, ಗಡಿಯ ಬೆಟ್ಟಗಳಲ್ಲಿ ಲಾರಿ ಓಡಿಸುತ್ತಿದ್ದ. ರಜೆಯಲ್ಲಿ ಬಂದಾಗ ಮೆಟ್ಟಿಲ ಮೇಲೆ ಸಿಕ್ಕರೆ ಒಂದು ನಗು, ಅಷ್ಟೇ ಪರಿಚಯ.

ವಾರದ ಹಿಂದೆ ಎದುರುಮನೆಯಾಕೆ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲು ಬಡಿದಿದ್ದರು.

"ನನ್ನ ತಮ್ಮ ಬರ್ತಾನೆ ಮಾರಾಯ್ರೆ! ರಜೆಯಲ್ಲಿ ಅಲ್ಲ, ಇನ್ನು ವಾಪಸ್ ಹೋಗ್ಲಿಕ್ಕೇ ಇಲ್ಲ!"

"ಹಂಗಾದ್ರ ಸುಮ್ನ ಕರ್ಕೊಳ್ಳೂದಲ್ರೀ. ಬಿಲ್ಡಿಂಗಿನವ್ರಿಗೆಲ್ಲಾ ಹೇಳೂಣ," ಎಂದು ನಾನೇ ಬೆಂಕಿ ಹಚ್ಚಿದೆ.

ನಮ್ಮ ಸೊಸೈಟಿಯ ಸೆಕ್ರೆಟರಿ ಮರಾಠಿಯವರು, ಉತ್ಸಾಹದ ಮನುಷ್ಯ. ಸುದ್ದಿ ಕೇಳಿದ್ದೇ ತಡ, ತೆರೆದ ಜೀಪು, ಢೋಲು-ತಾಶೆ, ಹೂಮಳೆ ಎಲ್ಲವೂ ಗೊತ್ತಾದವು. ಯಾರೂ ಲೆಕ್ಕಕ್ಕೆ ಹಿಡಿಯದೆ ಉಳಿದದ್ದು ಒಂದೇ, ನಮ್ಮ ಗಲ್ಲಿ.

ಆ ಗಲ್ಲಿ ಎರಡು ದೊಡ್ಡ ರಸ್ತೆಗಳ ನಡುವಿನದು. ಒಂದು ತುದಿಯಿಂದ ಹೊಕ್ಕರೆ ಇನ್ನೊಂದು ತುದಿಯಲ್ಲಿ ಆಸ್ಪತ್ರೆಯ ಕಡೆಯ ರಸ್ತೆ ಸಿಗುತ್ತದೆ. ಮಳೆಗಾಲ ಮುಗಿದ ಮೇಲೆ ಯಾವನೋ ಕಂಟ್ರಾಕ್ಟರ್ ಪೈಪು ಹಾಕಲೆಂದು ಅದರ ಅರ್ಧ ಅಗಲವನ್ನು ಅಗೆದು, ಮಣ್ಣನ್ನು ಪಕ್ಕದಲ್ಲೇ ಗುಡ್ಡೆ ಹಾಕಿ ಮಾಯವಾಗಿದ್ದ. ಅದನ್ನು ಮುಚ್ಚಿಸಲು ನಾನು ಮೂರು ತಿಂಗಳು ಪಾಲಿಕೆಯ ವಾರ್ಡ್ ಆಫೀಸಿಗೆ ಅಲೆದಿದ್ದೆ. ಒಂದು ದಿನವಂತೂ ಆ ಗುಂಡಿಯ ಅಂಚಿನಲ್ಲಿ ನಿಂತಿದ್ದಾಗಲೇ ಮೊಬೈಲಿಗೆ ಸಂದೇಶ ಬಂತು, ನಿಮ್ಮ ದೂರು ಇತ್ಯರ್ಥವಾಗಿದೆ ಎಂದು! ಉಳಿದ ಅರ್ಧ ರಸ್ತೆಯಲ್ಲಿ ಎರಡೂ ಬದಿ ಕಾರುಗಳು. ಫುಟ್‌ಪಾತಿನ ಮೇಲೆ ಸ್ಕೂಟರುಗಳು. ಸುಳ್ಳೇಕೆ ಹೇಳಲಿ, ಅವುಗಳಲ್ಲಿ ಒಂದು ನನ್ನದೇ.

ಹತ್ತು ಗಂಟೆಗೆ ಗಲ್ಲಿಯ ಮೂಲೆಯಲ್ಲಿ ಪಟಾಕಿ ಸಿಡಿಯಿತು. ಟ್ಯಾಕ್ಸಿಯಲ್ಲಿ ಬಂದಿಳಿದ ಹವಾಲ್ದಾರನನ್ನು ಮಾತಾಡಲೂ ಬಿಡದೆ ಜೀಪಿಗೆ ಹತ್ತಿಸಿದರು. ಕೊರಳಲ್ಲಿ ಮೂರು ಹಾರ, ಮುಖದಲ್ಲಿ ಹೇಳಲಾರದಷ್ಟು ಸಂಕೋಚ. ಎದುರುಮನೆಯಾಕೆ ಅಳುತ್ತಲೂ ನಗುತ್ತಲೂ ಜೀಪಿನ ಪಕ್ಕದಲ್ಲೇ ನಡೆದರು. ಢೋಲಿನ ಪೆಟ್ಟು ಹೊಟ್ಟೆಯೊಳಗೇ ಬಿದ್ದಂತಾಗುತ್ತಿತ್ತು. ನಾನು ತಟ್ಟೆ ಹಿಡಿದುಕೊಂಡೇ ಕುಣಿಯಲು ಶುರುಮಾಡಿದ್ದೆ.

ಜೀಪು ಗುಂಡಿಯ ಹತ್ತಿರ ಬಂದು ನಿಂತಿತು. ಎದುರಿನಿಂದ ಒಂದು ದೊಡ್ಡ ಬಿಳಿ ಕಾರು, ಅದರ ಹಿಂದೆ ಎರಡು ಆಟೊ ನುಗ್ಗಿದ್ದವು. ನಮ್ಮ ಹಿಂದೆಯೂ ಟೆಂಪೊ, ಟ್ಯಾಕ್ಸಿ. ಎಲ್ಲರೂ ಹಾರ್ನ್ ಒತ್ತುವವರೇ. ಆಗ ಹವಾಲ್ದಾರ ಎದ್ದು ನಿಂತು ಕೈ ಎತ್ತಿದ. ಢೋಲಿನವರು ಅವನಿಗೆ ಖುಷಿಯಾಗಿದೆಯೆಂದುಕೊಂಡು ಇನ್ನೂ ಜೋರಾಗಿ ಬಡಿದರು! ಅವನು ಜೀಪಿನಿಂದ ಧುಮುಕಿ, ಮುಂದಿನ ಢೋಲಿನ ಮೇಲೆ ಅಂಗೈ ಇಟ್ಟ.

ಸದ್ದು ನಿಂತಿತು. ಆಗಲೇ ನಮಗೆಲ್ಲ ಕೇಳಿದ್ದು, ಟೆಂಪೊದ ಹಿಂದಿನಿಂದ ಆಂಬುಲೆನ್ಸಿನ ಸೈರನ್. ಎಷ್ಟು ಹೊತ್ತಿನಿಂದ ಕೂಗುತ್ತಿತ್ತೋ ಏನೋ.

ಅವನು ಹಾರಗಳನ್ನು ತೆಗೆದು ಅಕ್ಕನ ಕೈಗೆ ಕೊಟ್ಟ. ಗಲ್ಲಿಯ ಎರಡೂ ತುದಿಯನ್ನೊಮ್ಮೆ ನೋಡಿ, ನೇರ ನನ್ನ ಕಡೆ ತಿರುಗಿದ.

"ಅಕ್ಕಾ, ಆಸ್ಪತ್ರೆ ಕಡೆಯ ಮೂಲೆಗೆ ಓಡಿ. ಅಲ್ಲಿಂದ ಒಂದೂ ಗಾಡಿ ಒಳಗೆ ಬರಬಾರ್ದು."

"ನಾನಾ?"

"ನೀವೇ. ಓಡಿ!"

ಓಡಿದೆ. ರೇಷ್ಮೆ ಸೀರೆಯಲ್ಲಿ, ಆರತಿ ತಟ್ಟೆಯ ಸಮೇತ, ಇಡೀ ಗಲ್ಲಿ ಓಡಿದೆ. ಮೂಲೆಯಲ್ಲಿ ಒಂದು ಬೈಕು ಒಳಗೆ ತಿರುಗುವುದರಲ್ಲಿತ್ತು. ನಾನು ರಸ್ತೆಯ ನಡುವೆ ನಿಂತು ತಟ್ಟೆಯನ್ನೇ ಮುಂದೆ ಚಾಚಿದೆ.

"ರುಕೋ! ಅಂದರ್ ಆಂಬುಲೆನ್ಸ್ ಹೈ!"

ಬೈಕಿನವನು ಕುಂಕುಮದ ತಟ್ಟೆಯನ್ನೂ ನನ್ನ ಮುಖವನ್ನೂ ನೋಡಿ, ಗಾಡಿ ಅಡ್ಡ ನಿಲ್ಲಿಸಿ, ತಾನೂ ಇಳಿದು ಕಾವಲಿಗೆ ನಿಂತ. ಮೂರು ತಿಂಗಳು ಆಫೀಸಿನಿಂದ ಆಫೀಸಿಗೆ ಓಡಾಡಿದರೂ ನನ್ನ ಒಂದು ಮಾತು ನಡೆದಿರಲಿಲ್ಲ. ಇಲ್ಲಿ ನಾನು ಕೈ ಎತ್ತಿದರೆ ಗಾಡಿಗಳು ನಿಲ್ಲುತ್ತಿವೆ!

ಅಲ್ಲಿಂದ ತಿರುಗಿ ನೋಡಿದರೆ ಗಲ್ಲಿಯೊಳಗೆ ಬೇರೆಯೇ ದೃಶ್ಯ. ಹವಾಲ್ದಾರ ಆಟೊ ಎರಡನ್ನೂ ಆಗಲೇ ಹಿಂದಕ್ಕೆ ಕಳಿಸಿದ್ದ. ಬಿಳಿ ಕಾರಿನವನು ಮಾತ್ರ ಗಾಜು ಇಳಿಸಿ, ಹಿಂದೆ ಜಾಗವಿಲ್ಲವೆಂದು ವಾದಿಸುತ್ತಿದ್ದ. ಹವಾಲ್ದಾರ ದನಿ ಏರಿಸಲಿಲ್ಲ. ಕಾರಿನ ಹಿಂದೆ ಹೋಗಿ, ಗುಂಡಿಯ ಅಂಚಿನಲ್ಲೇ ನಿಂತ. "ಮೇರೆ ಹಾತ್ ಕೊ ದೇಖೊ, ಔರ್ ಕುಛ್ ಮತ್ ದೇಖೊ," ಎಂದನಂತೆ, ತನ್ನ ಕೈಯನ್ನಷ್ಟೇ ನೋಡು ಎಂದು. ಅವನ ಅಂಗೈ ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ಆಡಿದಂತೆ ಆ ದೊಡ್ಡ ಕಾರು ಗೆರೆ ಎಳೆದ ಹಾಗೆ ಹಿಂದೆ ಸರಿದು, ನಾನಿದ್ದ ಮೂಲೆಯಿಂದ ಹೊರಬಿತ್ತು.

ಇನ್ನೊಂದು ತೊಡಕಿತ್ತು. ಗುಂಡಿಯ ಎದುರಿಗೇ ಯಾರೋ ಸಣ್ಣ ಕಾರೊಂದನ್ನು ಓರೆಯಾಗಿ ನಿಲ್ಲಿಸಿ ಹೋಗಿದ್ದರು. ಜೀಪು ಹೇಗೋ ಹೋಗಬಹುದು, ಆಂಬುಲೆನ್ಸು ಹೋಗಲಾರದು.

"ಕಿಸ್ ಕಾ ಹೈ?" ಕಾರು ಯಾರದೆಂದು ಹವಾಲ್ದಾರ ಕೂಗಿದ.

ಕೊನೆಗೆ ನಮ್ಮ ಸೆಕ್ರೆಟರಿಯೇ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ, ಕಾರು ತಮ್ಮದೇ, ಕೀಲಿ ಮೇಲೆ ಮನೆಯಲ್ಲಿದೆ ಎಂದು ಒಪ್ಪಿಕೊಂಡರು.

"ಮೇರಾ ಹೀ ಹೈ. ಚಾವಿ ಊಪರ್ ಹೈ. ಉಠಾವ್, ಉಠಾವ್!"

ಢೋಲಿನವರು ಢೋಲು ಕೆಳಗಿಟ್ಟು ಕಾರನ್ನು ಸುತ್ತುವರಿದರು. ಹವಾಲ್ದಾರ "ಏಕ್, ದೋ, ತೀನ್" ಎಂದ. ಹಿಂದಿನ ಚಕ್ರಗಳು ನೆಲ ಬಿಟ್ಟವು! ಮೂರು ಸಲ ಎತ್ತುವಷ್ಟರಲ್ಲಿ ಕಾರು ಗೋಡೆಗೆ ಅಂಟಿ ನಿಂತಿತು. ಅಷ್ಟರಲ್ಲಿ ಹೆಂಗಸರು ಸೆರಗು ಸಿಕ್ಕಿಸಿ, ನನ್ನ ಸ್ಕೂಟರನ್ನೂ ಸೇರಿಸಿ ಇದ್ದಬದ್ದ ಸ್ಕೂಟರುಗಳನ್ನೆಲ್ಲ ಕಾಂಪೌಂಡಿನೊಳಗೆ ಎಳೆದಿದ್ದರು. ಜೀಪು, ಟ್ಯಾಕ್ಸಿ, ಟೆಂಪೊ ಒಂದರ ಹಿಂದೊಂದು ನಮ್ಮ ಗೇಟಿನೊಳಗೆ ಹೋದವು. ಗಲ್ಲಿ ಖಾಲಿಯಾಯಿತು.

ಆಂಬುಲೆನ್ಸು ನನ್ನ ಪಕ್ಕದಿಂದಲೇ ಹಾದುಹೋಯಿತು. ಧಾರಾವಿಯ ಚರ್ಮದ ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡವನು ಅದರಲ್ಲಿದ್ದ ಎಂದು ಆಮೇಲೆ ತಿಳಿಯಿತು. ಅವನ ಜೊತೆಗಿದ್ದ ಹೆಂಗಸು ಗಾಜಿನೊಳಗಿಂದ ಕೈ ಮುಗಿದಳು. ನಮ್ಮ ಕುಣಿತದಿಂದಲೇ ಅವರು ಸಿಕ್ಕಿಕೊಂಡದ್ದು ಎಂಬುದು ಅವಳಿಗೆ ಗೊತ್ತಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಹವಾಲ್ದಾರ ಮತ್ತೆ ಜೀಪು ಹತ್ತಲು ಒಪ್ಪಲಿಲ್ಲ. ಬಟ್ಟೆಯೆಲ್ಲ ಮಣ್ಣು ಮಾಡಿಕೊಂಡು ನಡೆದೇ ಬಂದ. ನನ್ನ ದೀಪ ಯಾವಾಗಲೋ ಆರಿಹೋಗಿತ್ತು. ಮತ್ತೆ ಹಚ್ಚಿ ಆರತಿ ಎತ್ತಿದೆವು. ಎಲ್ಲರಿಗೂ ಏನನ್ನೋ ಗೆದ್ದ ಸಂಭ್ರಮ, ಎಲ್ಲರೂ ಒಟ್ಟಿಗೇ ಮಾತಾಡುವವರೇ.

ಟೆರೇಸಿನ ಮೇಲೆ ಊಟದ ಹೊತ್ತಿಗೆ ಅವನನ್ನು ಮಾತಾಡಲು ಎಬ್ಬಿಸಿದರು. ಗಡಿಯ ಸಾಹಸ ಕೇಳಲು ಕಾದಿದ್ದೆವು. ಅವನು ಹಿಂದಿಯಲ್ಲಿ ಎರಡೇ ಮಾತು ಹೇಳಿದ. ಹಾರ ಹಾಕಿದ್ದು ಖುಷಿಯಾಯಿತು. ನಾಳೆಯಿಂದ ಕಾರುಗಳು ಒಂದೇ ಬದಿಗೆ ನಿಂತರೆ ಇನ್ನೂ ಖುಷಿಯಾಗುತ್ತದೆ. ಚಪ್ಪಾಳೆ ಬಿತ್ತು, ಸೆಕ್ರೆಟರಿಯವರದೇ ಎಲ್ಲರಿಗಿಂತ ಜೋರು.

ಸಂಜೆ ಅಕ್ಕ ತಮ್ಮ ಆಸ್ಪತ್ರೆಗೆ ಹೋಗಿ ವಿಚಾರಿಸಿ ಬಂದರು. ಎರಡು ಬೆರಳು ಹೋದವಂತೆ, ಕೈ ಉಳಿಯಿತಂತೆ. ಸುದ್ದಿ ಕೇಳಿದ ಮೇಲೆಯೇ ನನಗೆ ಊಟ ಸೇರಿದ್ದು.

ಮಂಗಳವಾರ ನಾವು ಆರು ಜನ ಅವನನ್ನು ಕರೆದುಕೊಂಡು ವಾರ್ಡ್ ಆಫೀಸಿಗೆ ಹೋದೆವು. ನನ್ನನ್ನು ಪ್ರತಿ ಸಲ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದ ಅಧಿಕಾರಿ, ಸೈನಿಕ ಎಂದು ತಿಳಿದೊಡನೆ ಎದ್ದು ಕೈ ಕುಲುಕಿ, ಚಹಾ ತರಿಸಿ, ಇದ್ದ ಒಂದೇ ಕುರ್ಚಿಯನ್ನು ಅವನ ಮುಂದೆ ಸರಿಸಿದರು.

ಹವಾಲ್ದಾರ ಆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ.

"ಸಾಬ್, ನಾನು ಬಂದು ಎರಡು ದಿನ ಆಯ್ತು. ಇವರು ಮೂರು ತಿಂಗಳಿಂದ ಬರ್ತಾ ಇದ್ದಾರೆ. ಇವರು ಕೂತು ಹೇಳಲಿ," ಎಂದು ಹಿಂದಿಯಲ್ಲಿ ಹೇಳಿ, ಗೋಡೆಗೆ ಒರಗಿ ನಿಂತ.

ಅಧಿಕಾರಿಯ ಮುಖ ಕೆಂಪಗಾಯಿತು. ನಾನು ಕೂತೆ. ಚೀಲದಿಂದ ಕಾಗದಗಳನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲೆ ಇಟ್ಟೆ. ಮಾತು ಎಲ್ಲೂ ತಡವರಿಸಲಿಲ್ಲ. ಅವರು ಮೊದಲ ಸಲ ಪೂರ್ತಿ ಕೇಳಿದರು, ಬರೆದುಕೊಂಡರು, ನಮ್ಮೆದುರೇ ಕಂಟ್ರಾಕ್ಟರಿಗೆ ಫೋನು ಹಚ್ಚಿದರು.

ಶನಿವಾರ ಮುಂಜಾನೆ ಎದುರುಮನೆಯಾಕೆ ಮತ್ತೆ ಬಾಗಿಲು ಬಡಿದರು.

"ಬನ್ನಿ ಮಾರಾಯ್ರೆ, ಬೇಗ! ಗುಂಡಿ ಮುಚ್ಚಲಿಕ್ಕೆ ರೋಲರ್ ಬಂತು!"

ನಾವಿಬ್ಬರೂ ರಸ್ತೆಯ ಕಡೆಯ ಗ್ಯಾಲರಿಗೆ ಓಡಿದೆವು. ಬಿಲ್ಡಿಂಗಿನ ಎಲ್ಲ ಗ್ಯಾಲರಿಗಳಲ್ಲೂ ಆಗಲೇ ಜನ ನಿಂತಿದ್ದರು.