ಪಾರ್ಕಿಂಗ್ ಲಾಟಿನ ಪಾರಾಯಣ

ನನಗೆ ಸ್ತೋತ್ರ, ಮಂತ್ರ ಯಾವುದೂ ಬಾಯಿಗೆ ಬರುವುದಿಲ್ಲ. ಉಪನಯನದಲ್ಲಿ ಕಲಿಸಿದ್ದು ಹದಿನೈದೇ ದಿನಕ್ಕೆ ಮರೆತುಹೋಯಿತು. ಸಿನಿಮಾ ಹಾಡಾದರೆ ಮಾತು ಬೇರೆ. ಪಲ್ಲವಿ, ಚರಣ ಹಾಗಿರಲಿ, ನಡುವೆ ಬರುವ ಪಿಟೀಲನ್ನೂ ತಬಲವನ್ನೂ ಬಾಯಲ್ಲೇ ನುಡಿಸಿಬಿಡುತ್ತೇನೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಇದನ್ನು ಪ್ರತಿಭೆ ಎಂದುಕೊಂಡಿದ್ದಳು. ಹದಿನಾಲ್ಕು ವರ್ಷ ಸಂಸಾರ ಮಾಡಿದ ಮೇಲೆ ಇದೊಂದು ಕಾಯಿಲೆ ಎಂಬ ತೀರ್ಮಾನಕ್ಕೆ ಬಂದಿದ್ದಾಳೆ.

ಅವಳು ದೇವರ ಕಡೆಯವಳು. ಹಾಗಾಗಿ ಇಲ್ಲಿ ಅಮೆರಿಕದಲ್ಲಿ ನಮ್ಮ ಕಾರಿನೊಳಗೆ ಒಂದು ಒಪ್ಪಂದ. ಶನಿವಾರ ಸೆಂಟರ್‌ವಿಲ್‌ನ ಮನೆಯಿಂದ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೊರಟರೆ ಹೋಗುವಾಗ ಅವಳ ಸ್ತೋತ್ರ, ಬರುವಾಗ ನನ್ನ ಸಿನಿಮಾ ಹಾಡು. ಹೋಗುವಾಗ ಬೆಲ್ಟ್‌ವೇ ಹೆದ್ದಾರಿಯಲ್ಲಿ ಟ್ರಾಫಿಕ್ ಸಿಕ್ಕಿದರೆ ನನ್ನ ಗ್ರಹಚಾರ, ಬರುವಾಗ ಸಿಕ್ಕಿದರೆ ಅವಳದು. ಕೊರೋನಾ ಬಂದು ದೇವಸ್ಥಾನಕ್ಕೆ ಹೋಗುವುದೇ ನಿಂತ ಮೇಲೆ ನನಗೆ ಆ ಸ್ತೋತ್ರಗಳೂ ಯಾಕೋ ನೆನಪಾಗುತ್ತಿದ್ದವು. ಅವಳಿಗೆ ಹೇಳಲಿಲ್ಲ, ಹೇಳಿದರೆ ಮನೆಯಲ್ಲೇ ಶುರುವಾಗುತ್ತಿತ್ತು.

2020ರ ಅಕ್ಟೋಬರಿನಲ್ಲಿ ಅವಳ ಅಂಡಾಶಯದಲ್ಲಿ ಗೆಡ್ಡೆಯೊಂದು ಕಾಣಿಸಿತು. ಆಪರೇಷನ್ ಎಂದರು. ಸರ್ಜನ್ ತಾಳ್ಮೆಯ ಹೆಂಗಸು, ಎಲ್ಲವನ್ನೂ ಬಿಡಿಸಿ ಹೇಳಿದರು. ಆಪರೇಷನ್ ನಡೆಯುತ್ತಿರುವಾಗಲೇ ಒಂದು ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ. ಕೆಟ್ಟದ್ದೇನೂ ಇಲ್ಲವಾದರೆ ಎರಡು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಕ್ಯಾನ್ಸರ್ ಆಗಿದ್ದರೆ ಇನ್ನೂ ಏನೇನೋ ತೆಗೆಯಬೇಕಾಗುತ್ತದೆ, ನಾಲ್ಕು ಗಂಟೆಯೂ ದಾಟಬಹುದು. ಮುಗಿದ ತಕ್ಷಣ ಅವರೇ ಫೋನ್ ಮಾಡುತ್ತಾರೆ. ಜೊತೆಗೆ ಬಂದವರನ್ನು ಒಳಗೆ ಬಿಡುವ ಕಾಲವಲ್ಲ, ನಾನು ಹೊರಗೆ ಕಾರಿನಲ್ಲೇ ಕೂತಿರಬೇಕು.

ಮಗಳನ್ನು ಮೊದಲೇ ಕ್ಯಾರಿ ಎಂಬ ಊರಿನಲ್ಲಿರುವ ನಾದಿನಿಯ ಮನೆಗೆ ಬಿಟ್ಟು ಬಂದಿದ್ದೆವು. ಆ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ಮಾಸ್ಕ್ ಹಾಕಿಕೊಂಡು ನಿಂತ ಹೆಂಡತಿ ನನಗೆ ಎರಡು ಅಪ್ಪಣೆ ಕೊಟ್ಟಳು. ಅವಳ ಅಜ್ಜಿ ಕಲಿಸಿದ ದೇವಿಯ ಸ್ತೋತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದ್ದಾಳೆ, ಅದನ್ನು ಹನ್ನೊಂದು ಸಲ ಹೇಳಬೇಕು. ಎಂಜಿನ್ ಆಫ್ ಮಾಡಿ ಹಾಡು ಹಾಕಿಕೊಂಡು ಕೂರಬಾರದು. ಹಿಂದಿನ ವರ್ಷ ದಿನಸಿ ಅಂಗಡಿಯ ಮುಂದೆ ಹಾಗೆ ಕೂತು ಬ್ಯಾಟರಿ ಖಾಲಿ ಮಾಡಿ ಅವಳಿಂದ ಮಂಗಳಾರತಿ ಮಾಡಿಸಿಕೊಂಡಿದ್ದೆ. ಎರಡಕ್ಕೂ ಹೂಂ ಎಂದೆ. ಅವಳು ಒಳಗೆ ಹೋದಳು. ತಿರುಗಿ ನೋಡುತ್ತಾಳೆ ಎಂದು ಕಾದೆ, ನೋಡಲಿಲ್ಲ.

ಕಾರಿಗೆ ಬಂದು ಸ್ತೋತ್ರ ತೆಗೆದೆ. ದೇವರಾಣೆ ಪ್ರಯತ್ನಪಟ್ಟೆ. ಮೂರನೆಯ ಸಾಲಿನಲ್ಲಿ ಒಂದು ಸಮಾಸ, ಗೂಡ್ಸ್ ರೈಲಿನಷ್ಟು ಉದ್ದ. ಅದರ ಅರ್ಧಕ್ಕೆ ಬರುವಷ್ಟರಲ್ಲಿ ಈಗ ಒಳಗೆ ಏನು ಮಾಡುತ್ತಿರಬಹುದು ಎಂದು ತಲೆ ಅಲ್ಲಿಗೆ ಓಡುತ್ತಿತ್ತು. ಮತ್ತೆ ಮೊದಲಿಂದ. ನಾಲ್ಕು ಸಲ ಅದೇ ಸಾಲಿನಲ್ಲಿ ಎಡವಿದೆ. ಐದನೆಯ ಸಲ ಸಿಟ್ಟು ಬಂತು. ಹೆಂಡತಿಯ ಮೇಲೆ, ಅವಳ ಅಜ್ಜಿಯ ಮೇಲೆ, ಪದಗಳನ್ನು ಹೀಗೆ ಅಂಟಿಸಿಟ್ಟ ಮಹಾನುಭಾವರ ಮೇಲೆ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಭಯಪಟ್ಟವನ ಬಾಯಲ್ಲಿ ಬರಬೇಕಾದ ಮಾತು ಯಾವುದೂ ನನ್ನ ಬಳಿ ಇರಲಿಲ್ಲ.

ಆಗ ಹಾಡು ಹಾಕಿದೆ.

ಆ ವರ್ಷದ ಮೊದಲಲ್ಲಿ ಬಂದಿದ್ದ ಒಂದು ಕನ್ನಡ ಸಿನಿಮಾದ ಹಾಡು ಅದು. ಸಿನಿಮಾ ಅಷ್ಟಕ್ಕಷ್ಟೇ, ದ್ವಿತೀಯಾರ್ಧದಲ್ಲಿ ನಾನೇ ನಿದ್ದೆ ಹೊಡೆದಿದ್ದೆ. ಬಸ್ಸು ಹತ್ತಿ ಹೊರಟ ಹುಡುಗಿಗೆ ನಾಯಕ ಇನ್ನೂ ಸ್ವಲ್ಪ ಹೊತ್ತು ಇದ್ದು ಹೋಗು ಎಂದು ಬೇಡಿಕೊಳ್ಳುತ್ತಾನೆ, ಅಷ್ಟೇ ಕಥೆ. ಆದರೆ ಎರಡನೆಯ ಚರಣಕ್ಕೆ ಮುಂಚೆ ವಾದ್ಯಗಳೆಲ್ಲ ಒಮ್ಮೆ ಸುಮ್ಮನಾಗುತ್ತವೆ. ಗಾಯಕ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ಹಳೆಯ ಕಾಲದಲ್ಲಾಗಿದ್ದರೆ ಮೈಕಿನಿಂದ ಮುಖ ತಿರುಗಿಸಿ ಉಸಿರು ತೆಗೆದುಕೊಳ್ಳಿ ಎನ್ನುತ್ತಿದ್ದರೋ ಏನೋ. ಈಗಿನವರು ಅದನ್ನೂ ಹಾಡಿನಲ್ಲಿ ಉಳಿಸಿಕೊಂಡಿದ್ದಾರೆ. ಈಗಿನ ಹಾಡುಗಳಲ್ಲಿ ಬರೀ ಗದ್ದಲ ಎಂದು ಮೂಗು ಮುರಿಯುವವರು ಆ ಒಂದು ಉಸಿರನ್ನು ಕೇಳಬೇಕು. ಒಳಗೆ ನನ್ನ ಹೆಂಡತಿಯ ಉಸಿರನ್ನು ಯಂತ್ರ ನೋಡಿಕೊಳ್ಳುತ್ತಿತ್ತು. ಹೊರಗೆ ಆ ಜಾಗ ಬಂದಾಗಲೆಲ್ಲ ಗಾಯಕನ ಜೊತೆ ನಾನೂ ಉಸಿರು ಎಳೆದುಕೊಳ್ಳುತ್ತಿದ್ದೆ. ಹಾಡು ಮುಗಿದರೆ ಮತ್ತೆ ಅದೇ. ಎಷ್ಟು ಸಲ ಎಂದು ಮೊದಲು ಲೆಕ್ಕ ಇಟ್ಟೆ, ಆಮೇಲೆ ಬಿಟ್ಟೆ.

ಎರಡು ಗಂಟೆ ದಾಟಿತು. ಫೋನ್ ಬರಲಿಲ್ಲ. ಎರಡೂಕಾಲು. ನಾದಿನಿ ಮಾತ್ರ ಕ್ಯಾರಿಯಿಂದ ಮೂರು ಸಲ ಮೆಸೇಜ್ ಮಾಡಿದಳು. ಎರಡೂವರೆಯ ಹೊತ್ತಿಗೆ ಫೋನಿನ ಚಾರ್ಜ್ ಆರು ಪರ್ಸೆಂಟಿಗೆ ಇಳಿದಿತ್ತು. ಚಾರ್ಜರ್ ವೈರು ಹುಡುಕಿದೆ, ಸಿಗಲಿಲ್ಲ. ಬೆಳಿಗ್ಗೆ ಭಾರಿ ಕಾಳಜಿಯಿಂದ ಅದನ್ನು ಅವಳ ಬ್ಯಾಗಿನೊಳಗೆ ಇಟ್ಟವನು ನಾನೇ. ಅಷ್ಟರಲ್ಲಿ ಹಾಡು ನಿಂತಿತು. ಕಾರಿನ ಪರದೆ ಕಪ್ಪಾಯಿತು. ಕೀ ತಿರುಗಿಸಿದರೆ ಟಕ ಟಕ ಎಂಬ ಸದ್ದು ಬಿಟ್ಟು ಇನ್ನೇನೂ ಇಲ್ಲ. ಬ್ಯಾಟರಿಯ ಈ ವಿಷಯವನ್ನು ಹೆಂಡತಿಗೆ ಇವತ್ತಿನವರೆಗೂ ಹೇಳಿಲ್ಲ, ಇದನ್ನು ಓದಿದ ದಿನ ಗೊತ್ತಾಗುತ್ತದೆ.

ಪಕ್ಕದ ಸಾಲಿನ ಕಾರಿನಿಂದ ಒಬ್ಬರು ಇಳಿದು ಬಂದರು. ನನ್ನದೇ ವಯಸ್ಸಿನವರು. ಆರಡಿ ದೂರದಲ್ಲಿ ನಿಂತು ಮಾಸ್ಕ್ ಸರಿಮಾಡಿಕೊಂಡು ಕನ್ನಡದಲ್ಲೇ ಕೇಳಿದರು.

"ಏನಾದ್ರೂ ನ್ಯೂಸ್ ಬಂತಾ ಸರ್? ಹಾಡು ನಿಂತೋಯ್ತಲ್ಲ, ಅದಕ್ಕೇ ಬಂದೆ."

ನನ್ನ ಕಿಟಕಿ ತೆರೆದಿತ್ತು. ಎರಡು ಗಂಟೆಗೂ ಹೆಚ್ಚು ಕಾಲ ಅವರೂ ಅದೇ ಹಾಡು ಕೇಳುತ್ತ ಕೂತಿದ್ದರಂತೆ. ಅವರು ಮೈಸೂರಿನವರು. ಮಗನನ್ನು ನೋಡಲೆಂದು ಬಂದ ಅವರ ಅಮ್ಮಿ ಲಾಕ್‌ಡೌನಿನಲ್ಲಿ ಇಲ್ಲೇ ಉಳಿದಿದ್ದರು, ಈಗ ಒಳಗೆ ಅವರ ಹೃದಯದ ಆಪರೇಷನ್ ನಡೆಯುತ್ತಿತ್ತು. ನ್ಯೂಸ್ ಬಂದಿಲ್ಲ, ಬ್ಯಾಟರಿ ಹೋಗಿದೆ, ಫೋನೂ ಸಾಯುತ್ತಿದೆ ಎಂದು ನಾನು ತೊದಲಿದೆ. ಅವರು ತಕ್ಷಣ ತಮ್ಮ ಕಾರನ್ನು ನನ್ನ ಕಾರಿನ ಮುಂದಕ್ಕೆ ತಂದು ನಿಲ್ಲಿಸಿದರು. ಬ್ಯಾಟರಿಯಿಂದ ಬ್ಯಾಟರಿಗೆ ಸಿಕ್ಕಿಸುವ ಜಂಪರ್ ಕೇಬಲ್ ತೆಗೆದರು. ಬಾನೆಟ್ ಎತ್ತುವುದು ಹೇಗೆಂದು ನನಗೆ ಆ ಕ್ಷಣಕ್ಕೆ ನೆನಪಾಗಲಿಲ್ಲ, ಅದನ್ನೂ ಅವರೇ ಎತ್ತಿದರು. ಕೇಬಲ್ ಸಿಕ್ಕಿಸುತ್ತ, ನಾಚಿಕೊಂಡವರ ಹಾಗೆ ಹೇಳಿದರು.

"ಚಿಕ್ಕೋನಿದ್ದಾಗ ಅಬ್ಬಾ ಗುರುವಾರ ಗುರುವಾರ ದರ್ಗಾಕ್ಕೆ ಕರ್ಕೊಂಡ್ ಹೋಗೋರು. ಅಲ್ಲಿ ಹಿಂಗೇ ಹಾಡೋರು. ಈ ಹಾಡಲ್ಲಿ 'ನೀನು' ಅಂತಾನಲ್ಲ, ಅದು ಹುಡುಗೀಗೇ ಹೇಳಿದ್ದು ಅಂತ ನಂಗೆ ಅನ್ನಿಸ್ಲೇ ಇಲ್ಲ ಸರ್."

ನನಗೂ ಆ ದಿನ ಅದು ಹುಡುಗಿಗೆ ಹೇಳಿದ್ದು ಅನ್ನಿಸಿರಲಿಲ್ಲ. ಆದರೆ ಯಾರಿಗೆ ಹೇಳಿದ್ದು ಎಂದು ಯೋಚಿಸುವ ಧೈರ್ಯ ಬಂದಿರಲಿಲ್ಲ.

ಕೀ ತಿರುಗಿಸಿದೆ. ಎಂಜಿನ್ ಎದ್ದಿತು. ಅವರು ತಮ್ಮ ಚಾರ್ಜರ್ ವೈರನ್ನು ಕಿಟಕಿಯಿಂದ ಒಳಗೆ ಎಸೆದರು. ಫೋನನ್ನು ಅದಕ್ಕೆ ಸಿಕ್ಕಿಸುವಷ್ಟರಲ್ಲಿ ಬ್ಲೂಟೂತ್ ತಾನೇ ಕೂಡಿಕೊಂಡು ಹಾಡು ನಿಂತಲ್ಲಿಂದ ಮತ್ತೆ ಶುರುವಾಯಿತು. ಎರಡು ಸಾಲು ಬಂದಿರಬಹುದು. ಹಾಡು ಕಡಿದು ಫೋನು ರಿಂಗಾಯಿತು.

ಸರ್ಜನ್ ಮಾತು ಕಾರಿನ ಸ್ಪೀಕರುಗಳಲ್ಲಿ ಇಡೀ ಪಾರ್ಕಿಂಗ್ ಲಾಟಿಗೆ ಕೇಳುವಂತೆ ಬಂತು. ಗೆಡ್ಡೆಯನ್ನು ಪೂರ್ತಿ ತೆಗೆದಿದ್ದೇವೆ. ಚೂರಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಂಡಿಲ್ಲ. ಗೆಡ್ಡೆ ಕರುಳಿಗೆ ಅಂಟಿಕೊಂಡಿದ್ದರಿಂದ ಬಿಡಿಸಲು ಹೊತ್ತು ಹಿಡಿಯಿತು. ಪೂರ್ತಿ ವರದಿಗೆ ಕೆಲವು ದಿನ ಬೇಕು, ಆದರೆ ಗಾಬರಿಪಡುವಂಥದ್ದು ಕಾಣುತ್ತಿಲ್ಲ. ನಾನು ಥ್ಯಾಂಕ್ಯೂ ಎಂದು ಎಷ್ಟು ಸಲ ಹೇಳಿದೆನೋ. ಫೋನ್ ಇಟ್ಟರು. ಹಾಡು ಏನೂ ಆಗಿಲ್ಲವೆಂಬಂತೆ ಕಡಿದ ಜಾಗದಿಂದಲೇ ಮುಂದುವರಿಯಿತು. ವಾದ್ಯಗಳು ಸುಮ್ಮನಾದವು, ಗಾಯಕ ಉಸಿರು ಎಳೆದುಕೊಂಡ. ನಾನು ಸ್ಟೀರಿಂಗಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಮೈಸೂರಿನವರು ನನಗೆ ಬೆನ್ನು ಹಾಕಿ ನಿಂತು, ಸುತ್ತಿ ಆಗಿದ್ದ ಕೇಬಲನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದರು.

ಅವಳನ್ನು ಮರುದಿನವೇ ಕಳಿಸುವುದು, ನಾನು ಅಲ್ಲಿರುವ ಅಗತ್ಯವಿರಲಿಲ್ಲ. ಆದರೆ ಮೈಸೂರಿನವರಿಗೆ ಇನ್ನೂ ಫೋನ್ ಬಂದಿರಲಿಲ್ಲ. ಎಂಜಿನ್ ಆಫ್ ಮಾಡದೆ, ಕಿಟಕಿ ಇಳಿಸಿ, ಅದೇ ಹಾಡು ಹಾಕಿಕೊಂಡು ಕೂತೆ. ಬೇರೆ ಹಾಡು ಬೇಕಾ ಎಂದು ಕೇಳಿದ್ದಕ್ಕೆ ಅವರು ಬೇಡವೆಂದು ಕೈಯಾಡಿಸಿದರು. ಮುಕ್ಕಾಲು ಗಂಟೆಯ ಮೇಲೆ ಅವರು ಫೋನ್ ಹಿಡಿದುಕೊಂಡು ಕಾರಿನಿಂದ ಇಳಿದರು, ಮಾತಾಡಿದರು, ನನ್ನ ಕಡೆ ತಿರುಗಿ ಹೆಬ್ಬೆಟ್ಟು ಎತ್ತಿದರು. ಮಾಸ್ಕ್ ತೆಗೆದ ಅವರ ಮುಖವನ್ನು ನಾನು ಕೊನೆಗೂ ನೋಡಲೇ ಇಲ್ಲ. ಈಗ ಎದುರಿಗೆ ಬಂದರೆ ಗುರುತು ಹಿಡಿಯಲಾರೆ.

ಮರುದಿನ ಮಧ್ಯಾಹ್ನ ನರ್ಸ್ ನನ್ನ ಹೆಂಡತಿಯನ್ನು ಗಾಲಿಕುರ್ಚಿಯಲ್ಲಿ ಬಾಗಿಲಿಗೆ ತಂದರು. ಮುಖ ಬಿಳಿಚಿಕೊಂಡಿತ್ತು, ತಲೆ ಮಾತ್ರ ನೀಟಾಗಿ ಬಾಚಿಕೊಂಡಿದ್ದಳು. ನಿಧಾನವಾಗಿ ಕಾರಿನಲ್ಲಿ ಕೂತು, ಸೀಟ್ ಬೆಲ್ಟ್ ಒತ್ತದಿರಲೆಂದು ಹೊಟ್ಟೆಗೆ ದಿಂಬು ಇಟ್ಟುಕೊಂಡಳು.

"ರೀ, ಹನ್ನೊಂದ್ ಸಲ ಹೇಳಿದ್ರಾ?"

"ಹನ್ನೊಂದಕ್ಕಿಂತ ಜಾಸ್ತೀನೇ ಆಯ್ತು."

ಅವಳು ತಿರುಗಿ ನನ್ನ ಮುಖ ನೋಡಿದಳು. ಹದಿನಾಲ್ಕು ವರ್ಷ ನೋಡಿದ ಮುಖ.

"ಯಾವ ಹಾಡು?"

ನಾನು ಕೀ ತಿರುಗಿಸಿದೆ. ನಿನ್ನೆ ನಿಂತಲ್ಲಿಂದ, ಎರಡನೆಯ ಚರಣದ ನಡುವಿನಿಂದ ಅದು ತಾನೇ ಶುರುವಾಯಿತು. ಇದು ಹೋಗುವಾಗಿನ ದಾರಿಯೋ ಬರುವಾಗಿನದೋ ಎಂದು ಅವಳು ಜಗಳ ತೆಗೆಯುವ ಮೊದಲೇ ಆಫ್ ಮಾಡೋಣವೆಂದು ಕೈ ಚಾಚಿದೆ. ಡ್ರಿಪ್ ಹಾಕಿದ್ದ ಕಡೆ ಬ್ಯಾಂಡೇಜ್ ಇದ್ದ ತನ್ನ ಕೈಯಿಂದ ನನ್ನ ಕೈ ಹಿಡಿದುಕೊಂಡಳು. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು.

"ಮೊದಲಿಂದ ಹಾಕಿ," ಎಂದಳು.