ದೇವಕಿಯಕ್ಕನ ಮೀನು, ನನ್ನ ಗಂಜಿ

ದೇವಕಿಯಕ್ಕ ಅಂದ ಕೂಡಲೆ ನನ್ನ ಕಣ್ಣಿಗೆ ಬರುವುದು ಅವಳ ಊಟದ ಎಲೆ. ಅದರಲ್ಲಿ ಇಸವಣ ಮೀನಿನ ದಪ್ಪ ತುಂಡು, ಅದೂ ನಡುವಿನ ತುಂಡು. ಪಕ್ಕದಲ್ಲಿ ಕಾಯಿತುರಿ ಉದುರಿಸಿದ ಹರಿವೆ ಪಲ್ಯ, ಒಂದು ಬೇಯಿಸಿದ ಮೊಟ್ಟೆ, ಲೋಟದ ತುಂಬ ಉಪ್ಪು ಹಾಕಿದ ಮಜ್ಜಿಗೆ. ಅನ್ನ ಮಾತ್ರ ಇಲ್ಲ. ಎಲೆಯ ಮೂಲೆಗೆ ಅತ್ತೆ ಶಾಸ್ತ್ರಕ್ಕೆಂದು ಹಾಕಿದ ನಾಲ್ಕು ಅಗುಳು ಇರುತ್ತಿದ್ದವು, ಅವನ್ನೂ ಅವಳು ಕಾಗೆಗೆ ಎತ್ತಿಡುತ್ತಿದ್ದಳು. ಆಮೇಲೆ ಚಕ್ಕಳಬಕ್ಕಳ ಹಾಕಿ ಕೂತು, ಯಾವ ಅವಸರವೂ ಇಲ್ಲದೆ, ಮುಳ್ಳು ಬಿಡಿಸಿ ಬಿಡಿಸಿ ತಿನ್ನುತ್ತಿದ್ದಳು. ನಾನು ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ, ನನ್ನ ಪಾಲಿಗೆ ಬಾಲದ ತುಂಡಾದರೂ ಉಳಿದೀತೇ ಎಂದು ಮಡಕೆಯೊಳಗೆ ಇಣುಕುತ್ತಿದ್ದೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಇತ್ತು ಅಂತೇನು, ಈಗಲೂ ಇದೆ. ಅವಳು ಹೋಗಿ ಎಷ್ಟೋ ಕಾಲವಾಯಿತು, ಇದೊಂದು ಹೋಗಿಲ್ಲ.

ಅವಳು ನನ್ನ ಭಾವನ ಹೆಂಡತಿ, ನನ್ನ ವಾರಗಿತ್ತಿ. ಮೂವತ್ತರ ದಶಕದ ಮಾತು. ಅಂಕೋಲೆಯ ಹೊರವಲಯದಲ್ಲಿ ನಮ್ಮ ಮನೆ, ಹಿಂದುಗಡೆ ಗದ್ದೆ. ಭಾವ ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತ, ಶನಿವಾರ ಮೋಟಾರು ಹತ್ತಿ ಬಂದು ಸೋಮವಾರ ಹೋಗುತ್ತಿದ್ದರು. ನನ್ನ ಯಜಮಾನರು ಗದ್ದೆ ನೋಡಿಕೊಳ್ಳುತ್ತಿದ್ದರು. ದೇವಕಿಯಕ್ಕನ ತವರು ಚೆಂಡಿಯಾ. ಹೆಂಚಿನ ಮನೆಯ ಒಬ್ಬಳೇ ಮಗಳು. ನಾನು ಮದುವೆಯಾಗಿ ಬರುವಾಗ ಅವಳು ಮೈತುಂಬಿಕೊಂಡು ಬಾಗಿಲ ತುಂಬ ನಿಲ್ಲುತ್ತಿದ್ದಳು. ಅವಳ ಅನ್ನದ ರಾಶಿ ಕಂಡು ನಾನು ಬೆಚ್ಚಿದ್ದೆ. "ಸಾಕೇ, ಸಾಕೇ" ಅನ್ನುತ್ತಲೇ ಎಲೆ ಮುಂದೆ ತಳ್ಳುವುದು ಅವಳ ರೂಢಿ. ಬೆಳಗ್ಗೆ ಕುಚಲಕ್ಕಿ ಗಂಜಿ ಬಟ್ಟಲು ಎತ್ತಿ ಕುಡಿದು, "ಇನ್ನು ಯಾರಾದ್ರೂ ನನ್ನ ಸಂಗಡ ಜಗಳಕ್ಕೆ ಬನ್ನಿ ನೋಡ್ವಾ" ಎಂದು ಸೆರಗು ಸಿಕ್ಕಿಸುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಅವಳಿಗೆ ಬಾಯಾರಿಕೆ ಶುರುವಾಯಿತು. ತಂಬಿಗೆಗೆ ತಂಬಿಗೆ ನೀರು ಖಾಲಿ. ಮೈ ಇಳಿಯಿತು, ಕಾಲು ಉರಿ ಬಂತು. ಬಚ್ಚಲ ಹಿಂದೆ ಅವಳು ಕೂತೆದ್ದ ಜಾಗಕ್ಕೆ ಇರುವೆ ಮುತ್ತುವುದನ್ನು ಮೊದಲು ಕಂಡವರು ಅತ್ತೆ. ಭಾವ ಅವಳನ್ನು ಕಾರವಾರದ ಡಾಕ್ಟರರ ಹತ್ತಿರ ಕರೆದೊಯ್ದರು. ಸಕ್ಕರೆ ಕಾಯಿಲೆ. ಸೂಜಿಮದ್ದು ಮುಂಬಯಿಯಿಂದ ಬರಬೇಕು, ಬಂದರೂ ಕೆಡದ ಹಾಗೆ ಇಡುವುದು ಕಷ್ಟ, ಅದಕ್ಕೆ ಮೊದಲು ಊಟದಿಂದಲೇ ಹಿಡಿತಕ್ಕೆ ತರೋಣ ಎಂದರಂತೆ ಡಾಕ್ಟರರು. ಹೇಳಿದ್ದೆಲ್ಲ ಭಾವನಿಗೆ. ಅಕ್ಕ ಹೆಂಗಸು, ಪರದೆಯ ಆಚೆ ನಿಂತಿದ್ದಳು. ಭಾವ ಮನೆಗೆ ಬಂದು ಅಷ್ಟನ್ನೂ ಎರಡೇ ಮಾತಿನಲ್ಲಿ ಮುಗಿಸಿದರು: "ಅನ್ನ ಬಿಡ್ಬೇಕಂತೆ. ಉಪವಾಸ ಮಾಡ್ಬೇಕಂತೆ."

ಅತ್ತೆಗೆ ಸಮಾಧಾನವೇ ಆಯಿತು. ಉಪವಾಸವೇ ತಾನೇ, ಅದೇನು ನಮಗೆ ಹೊಸದೇ? ನಮ್ಮ ಕಡೆ ಉಪವಾಸ ಅಂದರೆ ಅನ್ನ ಒಂದನ್ನು ಬಿಟ್ಟು ಉಳಿದದ್ದೆಲ್ಲ. ಸಾಬುದಾಣಿ, ಬೆಲ್ಲ ಕಾಯಿ ಕಲಸಿದ ಅವಲಕ್ಕಿ, ಬೇಯಿಸಿದ ಗೆಣಸು, ರಸಬಾಳೆ, ಮೇಲೆ ಸಕ್ಕರೆ ಹಾಕಿದ ಹಾಲು. ಉಪವಾಸವಾದ್ದರಿಂದ ಮೀನಿಗೆ ಅಡ್ಡಿ, ಮೊಟ್ಟೆಯ ಹೆಸರೆತ್ತುವ ಹಾಗಿಲ್ಲ. ಅತ್ತೆ ಪ್ರತಿದಿನ ಮಿಂದು, ಮಡಿಯಲ್ಲಿ, ಹಿರಿ ಸೊಸೆಗೆಂದು ಇಷ್ಟನ್ನೂ ತಾವೇ ಮಾಡಿದರು. ಏಕಾದಶಿಗೊಮ್ಮೆ ನಮ್ಮ ಬಾಯಿಗೆ ಬೀಳುವ ಫಲಾಹಾರ ಅವಳಿಗೆ ದಿನವೂ! ಗೆಣಸಿನ ಸಿಪ್ಪೆ ಸುಲಿಯುವ ಕೆಲಸ ನನ್ನದು. ದೇವರೇ, ಇಂಥ ಕಾಯಿಲೆ ನನಗೂ ಒಂದು ತಿಂಗಳ ಮಟ್ಟಿಗಾದರೂ ಬರಬಾರದೇ ಎಂದು ಹಲ್ಲು ಕಚ್ಚಿ ಸುಲಿಯುತ್ತಿದ್ದೆ.

ಅಕ್ಕ ದಿನದಿಂದ ದಿನಕ್ಕೆ ಸೊರಗಿದಳು. ಒಂದು ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಕೊಡದ ಸಮೇತ ಬಿದ್ದಳು. ಮತ್ತೆ ಮೋಟಾರು, ಮತ್ತೆ ಕಾರವಾರ. ಈ ಸಲ ಅವಳು ಪರದೆ ಸರಿಸಿ ಒಳಗೇ ಹೋದಳಂತೆ. ತಾನು ಏನೇನು ತಿಂದೆ ಎಂದು ಒಂದೊಂದೇ ಹೇಳಿದಳಂತೆ. ಡಾಕ್ಟರರು ತಲೆಯ ಮೇಲೆ ಕೈ ಹೊತ್ತು, "ಇದು ಉಪವಾಸವೇನಮ್ಮಾ? ಮದುವೆ ಊಟ!" ಅಂದರಂತೆ.

ಮನೆಗೆ ಬಂದವಳೇ ಜಗಲಿಯಲ್ಲಿ ಕಾಲು ಚಾಚಿ ಕೂತು, ನಮ್ಮನ್ನೆಲ್ಲ ಕರೆದು ಹೇಳಿದಳು. "ಕೇಳಿ ಎಲ್ರೂ. ದೇವ್ರ ಉಪವಾಸ ಬೇರೆ, ಡಾಕ್ಟರ ಉಪವಾಸ ಬೇರೆ. ಅನ್ನ ಇಲ್ಲ, ಅವಲಕ್ಕಿ ಇಲ್ಲ, ಬೆಲ್ಲ ಇಲ್ಲ, ಗೆಣಸು ಇಲ್ಲ, ಹಣ್ಣು ಇಲ್ಲ. ಮೀನು ತಿನ್ನೂಕೆ ಅಡ್ಡಿಲ್ಲ, ಮೊಟ್ಟೆ ಅಡ್ಡಿಲ್ಲ, ಕಾಯಿ, ಸೊಪ್ಪು, ಹಾಗಲಕಾಯಿ ಅಡ್ಡಿಲ್ಲ. ಮಧ್ಯಾಹ್ನ ಒಂದ್ಸಲ, ದೀಪ ಹಚ್ಚೂ ಮೊದ್ಲು ಒಂದ್ಸಲ. ಮಧ್ಯದಲ್ಲಿ ನೀರು, ಮಜ್ಜಿಗೆ, ಬೇರೆ ಎಂತದೂ ಬಾಯಿಗೆ ಇಲ್ಲ."

"ಮೀನು ತಿಂದು ಉಪವಾಸವೇ?" ಅತ್ತೆ ಗಲ್ಲ ಗಲ್ಲ ಬಡಿದುಕೊಂಡರು. "ಅನ್ನ ಬೀಳದ ಎಲೆಗೆ ನಾ ಹೆಂಗೆ ಬಡಿಸ್ಲೇ? ಮನೆಗೆ ಒಳ್ಳೇದಲ್ಲ!"

"ಹಂಗಾದ್ರೆ ನಾಲ್ಕು ಅಗುಳು ಮೂಲೆಗೆ ಹಾಕಿ ಅತ್ತೆ. ಮನೆಗೂ ಒಳ್ಳೇದಾಗ್ಲಿ, ಕಾಗೆಗೂ ಒಳ್ಳೇದಾಗ್ಲಿ." ಅಷ್ಟು ಹೇಳಿ, ಅಂಗಳದಲ್ಲಿ ಆಡುತ್ತಿದ್ದ ಮಗಳು ಶಾಂತಿಯ ಕಡೆ ನೋಡಿದಳು. "ಈ ಹೆಣ್ಣಿಗೆ ನೆರಿಗೆ ಹಿಡ್ದು ಸೀರೆ ಉಡೂಕೆ ಬರೂವರೆಗಾದ್ರೂ ನಾ ಇರ್ಬೇಕು. ಆಮೇಲೆ ದೇವ್ರು ಎಂತ ಬೇಕಾದ್ರೂ ಮಾಡ್ಕೊಳ್ಳಲಿ." ಶಾಂತಿಗೆ ಆಗ ಲಂಗದ ಲಾಡಿಯನ್ನೂ ನಾನೇ ಕಟ್ಟಬೇಕಿತ್ತು.

ಶುರುವಿನ ದಿನಗಳು ಅವಳಿಗೆ ಸುಲಭವಿರಲಿಲ್ಲ. ಬೆಳಗಿನ ಗಂಜಿಯ ಹೊತ್ತಿಗೆ ತಲೆನೋವು, ಕೈನಡುಕ. ಮೂಲೆಯಲ್ಲಿ ಗೋಡೆಗೆ ತಲೆಯಿಟ್ಟು ಕೂತು ಉಪ್ಪುಮಜ್ಜಿಗೆ ಗುಟುಕರಿಸುತ್ತಿದ್ದಳು. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಅವಳ ಮಧ್ಯಾಹ್ನದ ಊಟಕ್ಕೆ ಕಾರವಾರದಿಂದ ಬರುವ ಮೋಟಾರಿನ ಹಾರ್ನೇ ಲೆಕ್ಕ. ಹಾರ್ನು ಕೇಳಿದರೆ ಎಲೆ ಹಾಕಬೇಕು, ಅದಕ್ಕೆ ಮೊದಲು ಬ್ರಹ್ಮ ಬಂದು ಹೇಳಿದರೂ ಇಲ್ಲ. ಒಮ್ಮೆ ಮೋಟಾರು ಬಿಣಗಾದ ಏರಿನಲ್ಲಿ ಕೆಟ್ಟು ನಿಂತಿತು. ಸೂರ್ಯ ಪಡುವಣಕ್ಕೆ ವಾಲಿದರೂ ಅಕ್ಕ ಎಲೆಯ ಮುಂದೆ ಕೈಕಟ್ಟಿ ಕೂತೇ ಇದ್ದಳು. "ಉಣ್ಣೇ ಮಾರಾಯ್ತಿ, ಮೋಟಾರಿಗೂ ನಿನ್ನ ಹೊಟ್ಟೆಗೂ ಎಂತ ಸಂಬಂಧ?" ಎಂದು ಅತ್ತೆ ಗೋಗರೆದರು. "ಒಂದಿನ ಸಡ್ಲ ಬಿಟ್ರೆ ನಾಳೆ ನಾನೇ ಹಾರ್ನು ಹೊಡೀತೆ ಅತ್ತೆ," ಎಂದಳು. ಆ ಮಾತನ್ನು ಅತ್ತೆ ಊರೆಲ್ಲ ಹೇಳಿಕೊಂಡು ಬಂದರು. ಅಲ್ಲಿಂದ ಮುಂದೆ ಅತ್ತೆಯ ಬಾಯಲ್ಲಿ ಹಿರಿ ಸೊಸೆಯದೇ ಜಪ.

ಮನೆಯ ಮೀನೆಲ್ಲ ಅವಳ ಕಡೆ ಹರಿಯಿತು. ಮೊದಲು ಗಂಡಸರಿಗೆ, ಆಮೇಲೆ ಮಕ್ಕಳಿಗೆ, ಕೊನೆಗೆ ತಳದ ಸಾರು ನಮಗೆ, ಇದು ನಮ್ಮ ಮನೆಯ ಕ್ರಮ. ಈಗ ಮೀನುಗಾರ್ತಿ ಬುಟ್ಟಿ ಇಳಿಸಿದ ಕೂಡಲೆ ಅತ್ತೆ, "ನಡೂ ತುಂಡು ದೇವಕಿಗೆ ತೆಗ್ದಿಡು, ಅವಳಿಗೆ ಅದು ಔಷಧ," ಅನ್ನುತ್ತಿದ್ದರು. ಔಷಧ! ಎಣ್ಣೆಯಲ್ಲಿ ಹುರಿದು, ಮೆಣಸು ಹಚ್ಚಿ, ಓಣಿಯ ಕೊನೆಯವರೆಗೆ ಘಮ್ಮೆನ್ನುವ ಔಷಧ! ಹುರಿಯುವವಳು ನಾನು. ಮೇಲಾಗಿ ಅವಳ ಮೈ ಹಗುರಾಗುತ್ತ ಬಂತು, ಮುಖಕ್ಕೆ ಕಳೆ ಬಂತು, ನಡಿಗೆ ಚುರುಕಾಯಿತು. ಬಾವಿಕಟ್ಟೆಯಲ್ಲಿ ಹೆಂಗಸರು, "ದೇವಕಿ ಮದುವೆ ಹೆಣ್ಣಿನ ಹಂಗೆ ಕಾಣ್ತದ್ಯಲ್ಲೇ" ಅಂದರು. ಅದನ್ನೂ ಸಹಿಸಿಕೊಂಡೆ. ಒಂದು ದಿನ ನನ್ನ ಯಜಮಾನರು ಉಂಡು ಕೈತೊಳೆದು ಬಂದವರು, ನಾನು ಎರಡನೇ ಸಲ ಅನ್ನ ಬಡಿಸಿಕೊಂಡದ್ದನ್ನು ನೋಡಿ, "ಅತ್ತಿಗೇನ ನೋಡು, ಎಷ್ಟು ಗಟ್ಟಿ ಮನಸ್ಸು," ಎಂದುಬಿಟ್ಟರು. ನನ್ನ ಮೈಯೆಲ್ಲ ಉರಿದುಹೋಯಿತು. ಕಾಯಿಲೆ ಅವಳದು, ಪಥ್ಯ ಅವಳದು, ಅದಕ್ಕೆ ನನ್ನ ಅನ್ನ ಏಕೆ ಇವರ ಕಣ್ಣಿಗೆ ಬೀಳಬೇಕು?

ಮರುದಿನ ಬೆಳಗ್ಗೆ ನಾನೂ ಗಂಜಿ ಮುಟ್ಟಲಿಲ್ಲ. ಯಾರಿಗೂ ಹೇಳಲಿಲ್ಲ. ಗಟ್ಟಿ ಮನಸ್ಸು ಅವಳಿಗೆ ಮಾತ್ರವೇನು, ನೋಡೇಬಿಡುತ್ತೇನೆ ಅಂದುಕೊಂಡೆ. ಅದು ನಾಟಿಯ ಕಾಲ. ಕೆಸರಲ್ಲಿ ಬಗ್ಗಿ ಸಸಿ ಊರುತ್ತಿದ್ದರೆ ಕಣ್ಣ ಮುಂದೆ ಮಿಣುಕು ಹುಳ ಹಾರತೊಡಗಿದವು. ಮೋಟಾರಿನ ಹಾರ್ನಿಗೆ ಕಿವಿ ಕೊಟ್ಟು ಕೊಟ್ಟು ಸಾಕಾಯಿತು. ಹಾಳು ಮೋಟಾರು ಅವಳಿಗೆ ಬರುತ್ತದೆ, ನನಗೆ ಬರುವುದಿಲ್ಲ! ಸೀರೆ ಮೇಲೆತ್ತಿ ಕಟ್ಟಿಕೊಂಡು ಮನೆಗೆ ಓಡಿದೆ. ಅಡಿಗೆಮನೆಯ ಬಾಗಿಲು ಮುಂದೆ ಮಾಡಿ, ತಣ್ಣನೆಯ ಗಂಜಿಯ ಮಡಕೆಗೇ ಕೈಹಾಕಿ, ಮಾವಿನ ಮಿಡಿ ಕಚ್ಚಿಕೊಂಡು ಗಬಗಬ ತಿನ್ನತೊಡಗಿದೆ.

ಬಾಗಿಲು ಕಿರ್ರೆಂದಿತು. ದೇವಕಿಯಕ್ಕ.

ಇನ್ನು ಊರಿಗೆಲ್ಲ ಸುದ್ದಿ, ಅತ್ತೆಗೆ ನಗು, ಯಜಮಾನರಿಗೆ ಇನ್ನೊಂದು ಮಾತು ಸಿಕ್ಕಿತು ಅಂದುಕೊಂಡೆ. ಅವಳು ನಗಲಿಲ್ಲ. ಬಂದು ನನ್ನೆದುರು ನೆಲದ ಮೇಲೆ ಕೂತಳು. ಮಡಕೆಯ ಹತ್ತಿರ ಮುಖ ತಂದು ಕಣ್ಣು ಮುಚ್ಚಿ ಮೂಸಿದಳು.

"ಹಳೇ ಅಕ್ಕಿ," ಎಂದಳು. "ನೀ ತಿನ್ನೇ. ನಿಲ್ಲಿಸ್ಬೇಡ."

"ನಿಂಗೆ ಎಂತ ಕಮ್ಮಿ ಆಗಿದೆ ಅಂತ ಇಲ್ಲಿ ಬಂದು ಕೂತ್ಕಂಡೆ?" ಎಂದೆ. ಸಿಟ್ಟೆಲ್ಲ ಒಮ್ಮೆಗೇ ಹೊರಗೆ ಬಂತು. "ನಡೂ ತುಂಡು ನಿಂಗೆ, ಹೊಗಳಿಕೆ ನಿಂಗೆ. ನಂಗೆ ಸಿಗೂದು ಬಾಲ!"

"ನಿಂಗೆ ನನ್ನ ಮೀನಿನ ಮೇಲೆ ಕಣ್ಣು ಅಂತ ಗೊತ್ತು. ನಂಗೆ ಯಾವ್ದರ ಮೇಲೆ ಕಣ್ಣು ಅಂತ ನಿಂಗೆ ಗೊತ್ತುಂಟಾ?" ಎಂದಳು ಅಕ್ಕ. "ನೀ ದಿನಾ ಬೆಳಗ್ಗೆ ಗಂಜಿ ಸೊರ್ರಂತ ಸುರೀತ್ಯಲ್ಲ, ಆ ಸದ್ದು ಕೇಳಿದ್ರೆ ನಿನ್ನ ಕೈಯಿಂದ ಬಟ್ಲು ಕಿತ್ತು ಬಿಸಾಡ್ಬೇಕು ಅನ್ನಿಸ್ತದೆ. ಅಷ್ಟು ಹೊಟ್ಟೆ ಉರಿ ನಂಗೆ. ಮೀನಂತೆ ಮೀನು. ಅನ್ನ ಇಲ್ದೆ ತಿಂದ್ರೆ ಅದಕ್ಕೆ ಯಾವ ರುಚಿಯೇ?"

ನಾನು ಕಚ್ಚಿದ ಮಿಡಿಯನ್ನು ಬಾಯಿಂದ ತೆಗೆದು ಹಿಡಿದೆ. "ಮಿಡಿ ಕಚ್ಚಿ ಹಂಗೇ ಇಟ್ಕಂಡ್ಯಲ್ಲ, ಅದರ ರಸ ಗಂಜಿಗೆ ಹಿಂಡು. ಹಂ... ಈಗ ತಿನ್ನು. ನಾ ನೋಡ್ತೆ," ಎಂದಳು. ತಿಂದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಅವಳೇ ಒಂದು ದೊಡ್ಡ ಉಸಿರು ಬಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಅಂದಿನಿಂದ ಅದು ನಮ್ಮ ದಿನಚರಿಯಾಯಿತು. ಬೆಳಗ್ಗೆ ಅತ್ತೆ ಕೊಟ್ಟಿಗೆಗೆ ಹೋದ ಹೊತ್ತು ನೋಡಿ ನಾನು ಗಂಜಿ ಬಟ್ಟಲು ಹಿಡಿದು ಅವಳೆದುರು ಕೂರಬೇಕು. ಅವಳು ಹೇಳಿದ ಹಾಗೆ ತಿನ್ನಬೇಕು. "ಒಣಸಿಗಡಿ ಚಟ್ನಿ ಅಂಚಿಗೆ ಹಚ್ಚೇ, ನಡುವೆ ಅಲ್ಲ." "ಇಷ್ಟು ಬೇಗ ನುಂಗ್ತ್ಯಾ? ನಂಗೆ ರುಚಿಯೇ ಹತ್ಲಿಲ್ಲ." ಇಷಾಡು ಮಾವಿನ ಕಾಲದಲ್ಲಂತೂ ಅವಳ ಕಾಟ ತಡೆಯಲಾಗುತ್ತಿರಲಿಲ್ಲ, ಹಣ್ಣಿನ ಗೊರಟು ನಾನು ಚೀಪಿದರೆ, ಇನ್ನೂ ಚೀಪು, ಇನ್ನೂ ಇದೆ ಅನ್ನುವಳು. ಮಧ್ಯಾಹ್ನ ಅವಳ ಎಲೆಯಿಂದ ನಡುತುಂಡಿನ ಅರ್ಧ ನನ್ನ ಪಾಲಿಗೆ ಮುಚ್ಚಿಟ್ಟಿರುತ್ತಿತ್ತು. ಅಷ್ಟಾದರೂ ನನ್ನ ಹೊಟ್ಟೆಕಿಚ್ಚು ಪೂರಾ ಆರಿತೆಂದು ತಿಳಿಯಬೇಡಿ. ಅರ್ಧ ತುಂಡು ಅರ್ಧವೇ.

ಆ ನಾಟಿಯ ಪೈರು ಕೊಯ್ದು ಹೊಸ್ತು ಬಂತು. ಹೊಸ ಅಕ್ಕಿಯ ಅನ್ನ ಮಾಡಿ, ಮನೆಯ ಹಿರಿಯ ಹೆಂಗಸು ಮೊದಲ ತುತ್ತನ್ನು ಹಿರಿ ಸೊಸೆಯ ಕೈಗೆ ಹಾಕುವುದು ನಮ್ಮ ಮನೆಯ ಪದ್ಧತಿ. ನನಗೆ ಎಂದೂ ಸಿಗದ ತುತ್ತು ಅದು. ಅತ್ತೆ ಕೈ ಚಾಚಿ, "ಇವತ್ತೊಂದಿನ ತಿನ್ನೇ ದೇವಕಿ. ಒಂದು ತುತ್ತಿಗೆ ಎಂತ ಆಗ್ತದೆ? ಇಲ್ಲ ಅಂದ್ರೆ ಮನೆಗೆ ಕೆಟ್ಟದು," ಎಂದರು. ಆವಿಯಾಡುವ ಆ ಅನ್ನ ಅವಳ ಮೂಗಿನ ಕೆಳಗೇ ಇತ್ತು. ಒಂದು ತುತ್ತು ಒಳಗೆ ಹೋದರೆ ಎರಡನೆಯದು ನಿಲ್ಲುವುದಿಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಅವಳು ಶಾಂತಿಯನ್ನು ನೋಡಿದಳು. ಆಮೇಲೆ ಅತ್ತೆಯ ಕೈಯನ್ನು ಮೆಲ್ಲನೆ ನನ್ನ ಕಡೆ ತಿರುಗಿಸಿದಳು.

"ಇವಳ ಕೈಗೆ ಹಾಕಿ ಅತ್ತೆ. ಇವಳು ತಿಂದ್ರೆ ನಾ ತಿಂದ ಹಂಗೇ."

ಮೊದಲ ತುತ್ತು ಕೊನೆಗೂ ನನಗೆ ಬಂತು. ಅದೂ ಅವಳು ಬಿಟ್ಟದ್ದು! ಕಣ್ಣಲ್ಲಿ ನೀರು ಬಂದದ್ದು ಹೊಸ ಅಕ್ಕಿಯ ಬಿಸಿಗೆ ಎಂದು ಎಲ್ಲರಿಗೂ ಹೇಳಿದೆ.

ಹಾಗೆ ಅವಳು ಡಾಕ್ಟರರೇ ನಂಬಲಾರದಷ್ಟು ವರ್ಷ ನಡೆಸಿದಳು. ಕೊನೆಗೆ ಕಾಲಿನ ಒಂದು ಹುಣ್ಣು ಮಾಯಲಿಲ್ಲ. ಡಾಕ್ಟರರಿಗೆ ಹತ್ತಿರವಾಗಲೆಂದು ಭಾವ ಶಿರವಾಡದಲ್ಲಿ ಬಾಡಿಗೆ ಮನೆ ಹಿಡಿದರು. ನಾನು ಇಸವಣ ಹುರಿದುಕೊಂಡು, ನಡುತುಂಡುಗಳನ್ನೇ ಆರಿಸಿ ಬಾಳೆಲೆಯಲ್ಲಿ ಕಟ್ಟಿ, ಮೋಟಾರು ಹತ್ತಿ ನೋಡಲು ಹೋದೆ. ಶಾಂತಿ ಬಾಗಿಲು ತೆರೆದಳು. ಸೀರೆ ಉಟ್ಟಿದ್ದಳು, ನೆರಿಗೆ ಒಂದೂ ಹೆಚ್ಚುಕಮ್ಮಿ ಇರಲಿಲ್ಲ.

ಅಕ್ಕ ಚಾಪೆಯ ಮೇಲೆ ಒಂದು ಹಿಡಿಯಾಗಿದ್ದಳು. ಇನ್ನು ಮನಸ್ಸಿಗೆ ಬಂದದ್ದು ತಿನ್ನಲಿ ಎಂದು ಡಾಕ್ಟರರು ಹೇಳಿಬಿಟ್ಟಿದ್ದರು. ಗಂಜಿ ಕೊಡಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದಳು. "ಈಗ ನನ್ನ ಬಾಯಿಗೆ ಅದು ಹತ್ತೂದಿಲ್ಲ. ಮೀನು ಶಾಂತಿಗೆ ಕೊಡು. ನೀ ಗಂಜಿ ಉಣ್ಣು. ನಾ ನೋಡ್ತೆ."

ಅವಳೆದುರು ಬಟ್ಟಲು ಹಿಡಿದು ಕೂತೆ. ನಾನು ಅಗಿದ ಹಾಗೆಲ್ಲ ಅವಳ ತುಟಿಯೂ ಅಲುಗುತ್ತಿತ್ತು. "ಉಪ್ಪು ಕಮ್ಮಿ ಅಲ್ದಾ?" ಎಂದಳು. ನಿಜವಾಗಿಯೂ ಕಮ್ಮಿಯಿತ್ತು. ನಾನು ಮನೆಗೆ ಮರಳಿದ ವಾರದಲ್ಲೇ ಸುದ್ದಿ ಬಂತು.

ಈಗ ಅದೇ ಕಾಯಿಲೆ ನನಗೂ ಬಂದಿದೆ. ಮನೆಯಲ್ಲಿ ಗಡಿಯಾರವಿದೆ, ಮಾತ್ರೆಯಿದೆ. ಎರಡೇ ಹೊತ್ತು ಊಟ, ಅನ್ನವಿಲ್ಲ. ನಡುತುಂಡು ನನ್ನದೇ, ಯಾರೂ ಪಾಲು ಕೇಳುವುದಿಲ್ಲ. ಅಕ್ಕ ಹೇಳಿದ್ದು ಸುಳ್ಳಲ್ಲ, ಅದಕ್ಕೆ ರುಚಿಯಿಲ್ಲ. ನನ್ನ ಸೊಸೆ ಒಳ್ಳೆಯ ಹುಡುಗಿ. ಅತ್ತೆಗೆ ಆಸೆಯಾದೀತು ಎಂದು ಗಂಜಿ ಬಟ್ಟಲನ್ನು ಒಳಗೆ ಒಯ್ದು, ಬಾಗಿಲು ಮುಂದೆ ಮಾಡಿ ಉಣ್ಣುತ್ತಾಳೆ. ಸುರಿಯುವ ಸದ್ದು ಮಾತ್ರ ನನಗೆ ಕೇಳುತ್ತದೆ. ಬಾರೇ, ಇಲ್ಲಿ ನನ್ನೆದುರು ಕೂತು ತಿನ್ನೇ ಎಂದು ಕರೆಯಬೇಕು ಅನ್ನಿಸುತ್ತದೆ. ಮುದುಕಿಗೆ ತಲೆ ಕೆಟ್ಟಿತು ಅಂದುಕೊಂಡಾಳು ಎಂದು ಸುಮ್ಮನಾಗುತ್ತೇನೆ.

ದೇವಕಿಯಕ್ಕನಿಗೆ ನಾನಿದ್ದೆ. ಪುಣ್ಯವಂತೆ. ಅದಕ್ಕೇ ನನಗೆ ಇವತ್ತಿಗೂ ಅವಳ ಮೇಲೆ ಹೊಟ್ಟೆಕಿಚ್ಚು.