ಮೊದಲ ಗಾಡಿಯ ಹೊಳೆಪ್ಪನ ನಿದ್ದೆ

ಬೆಳಕು ಇನ್ನೂ ಹರಿದಿಲ್ಲ. ಗೋಕಾಕದ ಸೋಮವಾರ ಪೇಟೆಯ ಓಣಿಯಲ್ಲಿ ಆಷಾಢದ ಜಿಟಿಜಿಟಿ ಮಳೆ. ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಹೊಳೆಪ್ಪ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾರೆ. ಗೋಡೆಯ ಚಿಕ್ಕ ಕನ್ನಡಿಯಲ್ಲಿ ಕೂದಲು ಬಾಚುವುದಕ್ಕಿಂತ ಮೊದಲು ಕಣ್ಣು ನೋಡಿಕೊಳ್ಳುತ್ತಾರೆ. ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಎಳೆದು, ಕೆಂಪೇರಿದೆಯೇ ಎಂದು ಪರೀಕ್ಷಿಸುತ್ತಾರೆ. ಜಪ ಮುಗಿಸಿದ ಮನೆಯೊಡತಿ ಜಿನ್ನವ್ವ ಸೋಸಿದ ನೀರಿನ ತಂಬಿಗೆ ಹಿಡಿದು ಬರುತ್ತಾರೆ.

"ಸಂತ್ಯಾಗ ಎತ್ತಿನ ಹಲ್ಲ ನೋಡ್ದಂಗ ನೋಡ್ಕೋತಿ ನೋಡಪಾ."

"ಎತ್ತು ದಣದ್ರ ನೊಗಾ ಇಳಸ್ತಾರ್ರಿ ಆಯಿ. ನಂದು ಹುಕ್ಕೇರಿ ಮುಟ್ಟೂತನಕಾ ಇಳಸಾಕ ಬರೂದಿಲ್ಲ," ಎಂದು ಹೊಳೆಪ್ಪ ನೀರು ಕುಡಿದು ಹೊಸ್ತಿಲು ದಾಟುತ್ತಾರೆ.

ಇವರು ಗೋಕಾಕ–ಹುಕ್ಕೇರಿ ಮೊದಲ ಬಸ್ಸಿನ ಡ್ರೈವರ್. ಊರು ಮೂಡಲಗಿ ಕಡೆಯ ಮಸಗುಪ್ಪಿ. ಮನೆ, ಹೆಂಡತಿ, ಮಕ್ಕಳು, ತಾಯಿ ಎಲ್ಲ ಅಲ್ಲೇ. ಮಸಗುಪ್ಪಿಯಿಂದ ಹೊರಡುವ ಮೊದಲ ಬಸ್ಸು ಗೋಕಾಕ ಮುಟ್ಟುವ ಹೊತ್ತಿಗೆ ಇವರ ಗಾಡಿ ಹುಕ್ಕೇರಿ ಕಂಡು ತಿರುಗಿರಬೇಕು. ಹಾಗಾಗಿ ವಾರದ ರಜೆಯ ದಿನ ಬಿಟ್ಟರೆ ಉಳಿದ ರಾತ್ರಿಗಳೆಲ್ಲ ಗೋಕಾಕದಲ್ಲೇ ಕಳೆಯಬೇಕು. ಇಂಥ ಡ್ರೈವರುಗಳು ಡಿಪೋದಲ್ಲಿ ಬೇಕಾದಷ್ಟು ಜನ. ಎಲ್ಲಿ ಮಲಗುತ್ತೀರಿ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಸಾಕು ನಮಗೆ.

ಹೊಳೆಪ್ಪನಿಗೆ ಈ ಪ್ರಶ್ನೆಯೇ ದೊಡ್ಡದಾಯಿತು. ಮೊದಮೊದಲು ಅವರಿಗೆ ಚಿಂತೆಯೇ ಇರಲಿಲ್ಲ. ಅಕ್ಕ ಕಾಶೆವ್ವನನ್ನು ಕೊಟ್ಟದ್ದು ಗೋಕಾಕಕ್ಕೇ. ಹೊಳೆಪ್ಪ ಮಾವ ಎಂದು ಕರೆಯುವ ಅಕ್ಕನ ಗಂಡ ಮಾಲಿಂಗಪ್ಪ ಸಂತೆಯಿಂದ ಸಂತೆಗೆ ಹಗ್ಗ, ಬಾರಕೋಲು ಮಾರುವ ವ್ಯಾಪಾರಿ. ಬಾಯಿ ಜೋರು, ಕೈ ಅದಕ್ಕಿಂತ ಧಾರಾಳ. ಸ್ವಂತ ಅಕ್ಕನ ಮನೆ ಇರುವಾಗ ಬೇರೆ ಜಾಗ ಹುಡುಕುವವರು ಯಾರು? ಆದರೆ ಆ ಮನೆಗೊಂದು ರೀತಿ ಇತ್ತು. ನೆಂಟ ಉಣ್ಣದೆ ಮಲಗುವ ಹಾಗಿಲ್ಲ, ಯಜಮಾನ ಬರುವ ತನಕ ಉಣ್ಣುವ ಹಾಗಿಲ್ಲ.

"ಮಾವಾರು ಸಂತಿ ಮುಗಿಸಿ ಬರೂದ ಹೊತ್ತಾಗಿ," ಎನ್ನುತ್ತಾರೆ ಹೊಳೆಪ್ಪ. "ಬಂದು ಕೈಕಾಲ ತೊಳ್ಕೊಂಡು, 'ಬಾರೋ ಅಳ್ಯಾ' ಅಂತ ಬಾಜೂಕ ಕುಂದರ್ಸ್ಕೋತಿದ್ರು. ರೊಟ್ಟಿ, ಪುಂಡಿಪಲ್ಲೆ, ಮ್ಯಾಲ ಶೇಂಗಾ ಹೋಳಿಗಿ. ಬ್ಯಾಡ್ರಿ ಅಂದ್ರ ತಾವೂ ಕೈ ತೊಳ್ಯಾಕ ಏಳ್ತಿದ್ರು. ಆಮ್ಯಾಲ ಎಲಿ-ಅಡಿಕಿ. ಆಮ್ಯಾಲ ಸಂತ್ಯಾಗ ಯಾರ್ಯಾರಿಗಿ ಬೈದು ಬಂದೆ ಅನ್ನೂ ಪುರಾಣ. ಅವರ ಪ್ರೀತಿಗಿ ಏನ್ ಅನ್ನಾಕ ಬರತೈತ್ರಿ? ಆದ್ರ ನನ್ನ ಕಣ್ಣಾಗ ಉಸುಕ ತುಂಬಿದಂಗ ಆಗ್ತಿತ್ತು."

ಆ ಉಸುಕು ಏನು ಮಾಡಿತೆಂಬುದನ್ನು ಹೇಳಿದವರು ಕಂಡಕ್ಟರ್ ಶ್ರೀಶೈಲ. ಎರಡು ವರ್ಷದ ಹಿಂದಿನ ಮಾತು.

"ಕೊಣ್ಣೂರ ಸ್ಟಾಪಿನಾಗ ಮಂದಿ ಕೈ ಮಾಡಾಕತ್ತಾರ. ನಾ ಸೀಟಿ ಊದಾಕತ್ತೇನಿ. ಗಾಡಿ ಸೀದಾ ಹೊಂಟೈತಿ! ಮುಂದ ಹೋಗಿ, 'ಯಾಕಪಾ, ಕೊಣ್ಣೂರನ್ನ ಎತ್ತಿ ಬ್ಯಾರೆ ಕಡೆ ಇಟ್ರೇನು?' ಅಂದೆ. 'ಕೊಣ್ಣೂರ ಇನ್ನಾ ಬಂದಿಲ್ಲಲ್ಲೋ' ಅಂದಾ. ಕಣ್ಣ ತಗದಾವ್ರಿ, ರಸ್ತಾನೂ ಬರೋಬರಿ ಹಿಡದಾನ. ಆಸಾಮಿ ಮಾತ್ರ ಅಲ್ಲಿ ಇಲ್ಲ. ಗೋಕಾಕ ಫಾಲ್ಸಿನ ತಿರುವೆಲ್ಲಾ ಹೆಂಗ ದಾಟಿ ಬಂದ್ವಿ ಅಂತ ನೆನಸಿದ್ರ ನನಗ ಇವತ್ತೂ ಮೈ ಜುಮ್ ಅಂತೈತಿ."

ಯಾರಿಗೂ ಏನೂ ಆಗಲಿಲ್ಲ. ಮಂದಿ ಬೈದರು, ಅಷ್ಟೆ. ಆದರೆ ಅದೇ ಸಂಜೆಯಿಂದ ಹೊಳೆಪ್ಪ ಮಲಗುವ ಜಾಗ ಹುಡುಕತೊಡಗಿದರು, ಹೆಣ್ಣು ಹುಡುಕುವವರಂತೆ ಓಣಿ ಓಣಿ ತಿರುಗಿ. ಡಿಪೋದ ಕೋಣೆಯಲ್ಲಿ ಒಬ್ಬ ಪಾಳಿಗೆ ಎದ್ದರೆ ಇನ್ನೊಬ್ಬ ಬಂದು ಬೀಳುತ್ತಾನೆ, ದೀಪ ಆರುವುದೇ ಇಲ್ಲ. ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಮದುವೆ ಜವಳಿಗೆ ಬಂದವರ ಗದ್ದಲ. ಒಂದು ಖೋಲಿ ಚಂದವಿತ್ತು, ಆದರೆ ಅದರ ಬೆನ್ನಿಗೇ ಹಿಟ್ಟಿನ ಗಿರಣಿ. ಇನ್ನೊಂದು ಮನೆಯಲ್ಲಿ ಹೊಸದಾಗಿ ಕೇಬಲ್ ಟೀವಿ ಬಂದಿತ್ತು. ಧಾರಾವಾಹಿಯ ಅತ್ತೆ-ಸೊಸೆ ಜಗಳಕ್ಕೆ ಓಣಿಯ ಹೆಂಗಸರೆಲ್ಲ ಅಲ್ಲಿಯೇ ಪಂಚಾಯ್ತಿ ಸೇರುತ್ತಿದ್ದರು.

ಕಡೆಗೆ ಯಾರೋ ಜಿನ್ನವ್ವನ ಮನೆ ತೋರಿಸಿದರು. ಹೊಳೆಪ್ಪ ಕದ ತಟ್ಟಿದಾಗ ಓಣಿಯಲ್ಲಿ ಹುಡುಗರು ಇನ್ನೂ ಗೋಲಿ ಆಡುತ್ತಿದ್ದರು. ಒಳಗಿನಿಂದ ಸಿಟ್ಟಿನ ದನಿ ಬಂತು: "ಯಾರದು ಇಷ್ಟೊತ್ತಿನಾಗ? ಮಂದಿ ಮಲಗೂದಿಲ್ಲೇನು?"

"ಅದ ಮಾತಿಗಿ ನಾ ಖೋಲಿ ಪಸಂದ ಮಾಡ್ದೆ," ಎಂದು ಹೊಳೆಪ್ಪ ನಗುತ್ತಾರೆ. "ಒಳಗ ಹೋಗಿ ನೋಡಲೇ ಇಲ್ಲ."

ಜಿನ್ನವ್ವ ಜೈನರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಊಟವಿಲ್ಲ, ಒಲೆ ಹಚ್ಚುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ನೇಮ ಇನ್ನೂ ಬಿಗಿ. ಉಂಡು, ಪಾತ್ರೆ ತೊಳೆದು, ಓಣಿಯ ದೀಪ ಹತ್ತುವ ಹೊತ್ತಿಗೆ ಹಾಸಿಗೆ ಹಾಸಿಬಿಡುತ್ತಾರೆ. ನಸುಕಿನಲ್ಲಿ ಎದ್ದು ಜಪಕ್ಕೆ ಕೂರುತ್ತಾರೆ. ಅವರ ಧರ್ಮದ ದಿನಚರಿ ಮೊದಲ ಗಾಡಿಯ ವೇಳೆಗೆ ಅಳತೆ ಮಾಡಿ ಹೊಲಿದಂತಿದೆ.

"ಡ್ರೈವರಗ ಕೊಡೂದಿಲ್ಲ ಅಂದಿದ್ದೆ ನಾ," ಎನ್ನುತ್ತಾರೆ ಜಿನ್ನವ್ವ. "ಕುಡದು ಬರ್ತಾರ, ದೀಪಾ ಹಚ್ಚಿ ಇಸ್ಪೀಟ ಆಡ್ತಾರ ಅಂತ. ದೀಪಾ ಹಚ್ಚಿದ್ರ ಪಾಪ ಹುಳಾ ಬಂದು ಬೀಳ್ತಾವ. ಇಂವಾ ಏನಂದಾ ಗೊತ್ತೈತೇನು? 'ಆಯಿ, ದೀಪಾನ ತಗದುಬಿಡ್ರಿ' ಅಂದಾ! ಸಂಜಿಮುಂದ ಹೊರಗ ಉಂಡು ಬರ್ತಾನ, ಕಾಲ ತೊಳದು ಬೀಳ್ತಾನ. ಮನ್ಯಾಗ ಗಂಡಸ ಅದಾನೋ ಇಲ್ಲೋ ಗೊತ್ತ ಆಗೂದಿಲ್ಲ."

ನಿದ್ದೆ ಸಿಕ್ಕಿತು, ನೆಂಟಸ್ತನ ಕೆಟ್ಟಿತು. ಊರಲ್ಲಿ ಅಕ್ಕನ ಮನೆ ಇರುವಾಗ ಬಾಡಿಗೆ ಖೋಲಿ ಹಿಡಿಯುವುದೆಂದರೆ ಆ ಮನೆಯ ಒಲೆಗೆ ನೀರು ಸುರಿದಂತೆ. ಸಂತೆಯಲ್ಲಿ ಯಾರೋ "ಏನ್ರಿ, ಅಳಿಯಗ ರೊಟ್ಟಿ ಕಡಿಮಿ ಬಿದ್ವೇನು?" ಎಂದು ಕೆಣಕಿದ್ದೇ ಕೆಣಕಿದ್ದು, ಮಾಲಿಂಗಪ್ಪ ಬೆಂಕಿಯಾದರು. ಮಾತು ಬಿಟ್ಟರು. ಹೊಳೆಪ್ಪನ ಬಸ್ಸು ಹತ್ತುವುದನ್ನೂ ಬಿಟ್ಟು ಹುಕ್ಕೇರಿ ಸಂತೆಗೆ ಟೆಂಪೋ ಹಿಡಿದರು. ಎಲ್ಲಕ್ಕಿಂತ ದೊಡ್ಡ ಪೆಟ್ಟು ನಾಗರಪಂಚಮಿಯದು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಕರೆತರದೆ ಹೆಣ್ಣುಮಗಳಿಗೆ ತವರಿಲ್ಲ. ಎರಡು ಪಂಚಮಿ ಹೊಳೆಪ್ಪ ಕರೆಯಲು ಹೋದರು. ಎರಡು ಸಲವೂ ಮಾಲಿಂಗಪ್ಪ ಕಾಶೆವ್ವನನ್ನು ಕಳಿಸಲಿಲ್ಲ. ಮಸಗುಪ್ಪಿಯಲ್ಲಿ ತಾಯಿ ಉದ್ದವ್ವ ಕಟ್ಟಿದ ಉಂಡಿ ಬಾಜೂ ಮನೆಯವರ ಪಾಲಾದವು.

"ವಾರಕ್ಕ ಒಂದ ರಾತ್ರಿ ಅಲ್ಲಿ ಹೋಗಿ ಮಕ್ಕೊಂಡ್ರ ಏನ್ ಆಗತೈತೋ ಅಂತಾಳ ಅವ್ವ," ಎನ್ನುವಾಗ ಹೊಳೆಪ್ಪನ ದನಿ ತಗ್ಗುತ್ತದೆ. "ಅಕ್ಕನ ಮಾರಿ ನೆನಪಾದ್ರ ನನಗೂ ಹೋಗಬೇಕು ಅನಸ್ತೈತ್ರಿ. ಆದ್ರ ಆ ಮರುದಿನಾ ಗಾಡ್ಯಾಗ ಕುಂದ್ರಾವ್ರು ಯಾರದೋ ಅಕ್ಕ-ತಂಗಿ ಅಲ್ಲೇನು?"

ಈಗ ಅಂಕಲಗಿ, ಮಮದಾಪುರದ ಕಡೆಯ ಹೊಸ ಡ್ರೈವರುಗಳು ಖೋಲಿ ಹಿಡಿಯುವ ಮುಂಚೆ ಹೊಳೆಪ್ಪನನ್ನು ಕರೆದೊಯ್ಯುತ್ತಾರೆ. ಇವರು ಗೋಡೆ, ಕಿಟಕಿ ನೋಡುವುದಿಲ್ಲ. ಸಂಜೆ ಹೋಗಿ ಕಟ್ಟೆಯ ಮೇಲೆ ಸುಮ್ಮನೆ ಕುಳಿತು ಮನೆಯವರು ಯಾವಾಗ ಉಣ್ಣುತ್ತಾರೆಂದು ನೋಡುತ್ತಾರೆ. "ಎಲ್ಲೆ ಊಟಾ ತಡಾ, ಅಲ್ಲೆ ನಿದ್ದಿ ತಡಾ. ಪ್ರೀತಿ ಇರೂ ಮನಿ ಅಂತೂ ಮೊದಲ ಬ್ಯಾಡ," ಎಂಬುದು ಅವರ ಖಚಿತ ಸಲಹೆ.

ಬಸ್ಸು ಗೋಕಾಕ ನಿಲ್ದಾಣಕ್ಕೆ ಬಂದು ನಿಲ್ಲುತ್ತದೆ. ಹಾಲಿನ ಕ್ಯಾನುಗಳು ಏರುತ್ತವೆ, ಘಟಪ್ರಭಾದಲ್ಲಿ ರೈಲು ಹಿಡಿಯುವವರು ಏರುತ್ತಾರೆ. ನಾನು ಡ್ರೈವರ್ ಸೀಟಿನ ಹಿಂದೆ ಕುಳಿತಿದ್ದೇನೆ. ಅಷ್ಟರಲ್ಲಿ ಹೊರಗೆ ದೊಡ್ಡ ಗಂಟಲು: "ಏ ಕಂಡಕ್ಟರಾ, ಹಗ್ಗದ ಗಂಟ ಮ್ಯಾಲ ಹಾಕಸೋ!"

ಶ್ರೀಶೈಲ ನನ್ನ ಕಡೆ ಬಾಗಿ ಪಿಸುಗುಟ್ಟುತ್ತಾರೆ: "ಇವರ ನೋಡ್ರಿ ಮಾಲಿಂಗಪ್ಪನವರು. ಟೆಂಪೋ ಕೆಟ್ಟು ನಿಂತೈತಂತ."

ಮಾಲಿಂಗಪ್ಪ ಹತ್ತುತ್ತಾರೆ. ಡ್ರೈವರನ ಬೆನ್ನನ್ನೊಮ್ಮೆ ನೋಡಿ, ಏನೂ ಕಾಣದವರಂತೆ ಬಾಗಿಲ ಬಳಿಯ ಸೀಟಿನಲ್ಲಿ ಕೂರುತ್ತಾರೆ. ಹೊಳೆಪ್ಪ ಕನ್ನಡಿಯಲ್ಲಿ ಅವರನ್ನು ಕಂಡು ಕೈ ಎತ್ತಿ ಮುಗಿಯುತ್ತಾರೆ. ಮಾಲಿಂಗಪ್ಪ ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. ಶ್ರೀಶೈಲ ಸೀಟಿ ಊದುತ್ತಾರೆ.

ಫಾಲ್ಸಿನ ಕಡೆ ರಸ್ತೆ ತಿರುಗುತ್ತ ಏರುತ್ತದೆ. ಕೆಳಗೆ ಹೊಳೆ ಕೆಂಪಗೆ ತುಂಬಿ ಮೊರೆಯುತ್ತಿದೆ. ಹೊಳೆಪ್ಪ ಪ್ರತಿ ತಿರುವಿನಲ್ಲೂ ಕತ್ತು ಮುಂದೆ ಚಾಚಿ, ಗಾಡಿಯನ್ನು ಎದೆಗೊತ್ತಿದ ಕೂಸಿನಂತೆ ಹೊರಳಿಸುತ್ತಾರೆ. ಮಾಲಿಂಗಪ್ಪ ಮುಂದಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಅಳಿಯನ ಕಣ್ಣನ್ನೇ ಕನ್ನಡಿಯಲ್ಲಿ ಕಾಯುತ್ತಿದ್ದಾರೆ. ಕೊಣ್ಣೂರಿನಲ್ಲಿ ಬಸ್ಸು ನಿಂತು, ಮಂದಿಯನ್ನು ಹತ್ತಿಸಿಕೊಂಡು, ಅಲ್ಲಾಡದೆ ಹೊರಡುತ್ತದೆ. ಅಲ್ಲಿಂದ ಸ್ವಲ್ಪ ದೂರಕ್ಕೆ ಅವರ ಕೈ ಸರಳು ಬಿಡುತ್ತದೆ. ಘಟಪ್ರಭಾ ದಾಟುವಷ್ಟರಲ್ಲಿ ಗೊರಕೆ. ಎಂಥ ಗೊರಕೆ! ಹಾಲಿನ ಕ್ಯಾನಿನ ಮುಚ್ಚಳಗಳೂ ತಾಳ ಹಾಕುತ್ತವೆ.

"ಮಾವಾರ ಮಕ್ಕೊಂಡಾರಪಾ," ಎಂದು ಶ್ರೀಶೈಲ ಮುಂದೆ ಹೋಗಿ ಹೇಳುತ್ತಾರೆ.

"ಸೀಟಿ ಸಣ್ಣಗ ಊದು," ಎನ್ನುತ್ತಾರೆ ಹೊಳೆಪ್ಪ.

ಹುಕ್ಕೇರಿಯಲ್ಲಿ ಬೆಳಗಾಗಿದೆ. ಮಾಲಿಂಗಪ್ಪ ಕಣ್ಣುಜ್ಜುತ್ತ ಇಳಿದು, ಗಂಟು ಇಳಿಸಿಕೊಂಡು, ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು ಡ್ರೈವರನ ಬಾಗಿಲ ಕೆಳಗೆ ನಿಲ್ಲುತ್ತಾರೆ.

"ಪಂಚಮಿಗಿ ನಿಮ್ಮಕ್ಕನ್ನ ಕರ್ಯಾಕ ಬರಾಂವ ಅದೀಯೇನು? ಇಲ್ಲಾ ಅದನೂ ಆ ಜಿನ್ನವ್ವನ್ನ ಕೇಳೇ ಬರ್ತೀಯೋ?"

ಹೊಳೆಪ್ಪ ಗಾಡಿಯಿಂದ ಜಿಗಿದು ಅವರ ಕಾಲು ಮುಟ್ಟುತ್ತಾರೆ. ಎದ್ದಾಗ ಕಣ್ಣು ಕೆಂಪಗಿವೆ, ಆದರೆ ಮಾತು ಗಟ್ಟಿಯಾಗಿಯೇ ಇದೆ.

"ಬರ್ತೀನ್ರಿ ಮಾವಾ, ಹಗಲೊತ್ತಿನಾಗ ಬರ್ತೀನಿ. ಆದ್ರ ಉಂಡು ಮಕ್ಕೋ ಅನಬ್ಯಾಡ್ರಿ. ಮರುದಿನಾ ನಂದ ಮೊದಲ ಗಾಡಿ ಐತಿ."